ಮೂಳೆ ಬೆಸೆಯುವವರೆಗಿನ ಹಲ್ಲು: ಒಂದು ಹಳೆಯ ಪ್ರಶ್ನೆ

ಹೂಡಿಯ ಯುವಕನೊಬ್ಬ ಮುಂದಿನ ಹಲ್ಲು ಕಳೆದುಕೊಂಡು ಇಂಪ್ಲಾಂಟ್ ಮಾಡಿಸಿಕೊಂಡನು. ದವಡೆಯ ಮೂಳೆ ಅದನ್ನು ಹಿಡಿದುಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಅಲ್ಲಿಯವರೆಗೆ ತಾತ್ಕಾಲಿಕ ಹಲ್ಲು ಧರಿಸುವುದು ಆಡಂಬರವಾಗದೇ? ಅದನ್ನಿಟ್ಟುಕೊಂಡೇ ಮಾಡಿದ ಗುಸ್ಲ್ ಸಿಂಧುವೇ? ಇವು ಅವನ ಪ್ರಶ್ನೆಗಳು. ಉತ್ತರಕ್ಕಾಗಿ ನಾವು ಇತಿಹಾಸದತ್ತ ನೋಡೋಣ.

ಇಸ್ಲಾಮಿನ ಪೂರ್ವದಲ್ಲಿ ನಡೆದ ಕುಲಾಬ್ ಯುದ್ಧದಲ್ಲಿ ಅರ್ಫಜಾ ಬಿನ್ ಅಸ್‌ಅದ್(ರ) ಮೂಗು ಕಳೆದುಕೊಂಡಿದ್ದರು. ಅವರು ಧರಿಸಿದ ಬೆಳ್ಳಿಯ ಮೂಗು ದುರ್ವಾಸನೆ ಬೀರತೊಡಗಿದಾಗ, ಚಿನ್ನದ್ದನ್ನು ಮಾಡಿಸಿಕೊಳ್ಳುವಂತೆ ಪ್ರವಾದಿ(ಸ)ರು ಆದೇಶಿಸಿದರೆಂದು ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿದೆ. ಪುರುಷರಿಗೆ ಚಿನ್ನ ನಿಷಿದ್ಧವಾಗಿದ್ದರೂ ಅಗತ್ಯವು ಅಲ್ಲಿ ಅನುಮತಿಯಾಯಿತು. ಹಲ್ಲಿನ ವಿಷಯದಲ್ಲಿ ಇಮಾಮ್ ಅಬೂ ಹನೀಫಾ(ರ) ಬೆಳ್ಳಿಯ ಕಟ್ಟನ್ನಷ್ಟೇ ಒಪ್ಪಿದರೆ, ಅವರ ಶಿಷ್ಯ ಇಮಾಮ್ ಮುಹಮ್ಮದ್(ರ) ಚಿನ್ನವನ್ನೂ ಒಪ್ಪಿದರು. ಹಲ್ಲು ಕಟ್ಟಿಸಿಕೊಳ್ಳಬಹುದೇ ಎಂಬುದು ಅವರ ಚರ್ಚೆಯಾಗಿರಲಿಲ್ಲ. ಯಾವ ಲೋಹದಿಂದ ಎಂಬುದಷ್ಟೇ ಆಗಿತ್ತು.

ಕೊರ್ದೊಬಾ ಪ್ರದೇಶದ ವೈದ್ಯ ಅಝ್ಝಹ್ರಾವಿ (ಮರಣ ಸುಮಾರು 1013) ತಮ್ಮ 30 ಭಾಗಗಳ 'ಅತ್ತಸ್ರೀಫ್' ಗ್ರಂಥದಲ್ಲಿ, ಸಡಿಲವಾದ ಹಲ್ಲುಗಳನ್ನು ಚಿನ್ನದ ತಂತಿಯಿಂದ ಬಿಗಿಯುವ ಕ್ರಮವನ್ನು ವಿವರಿಸಿದ್ದಾರೆ. ಬಿದ್ದ ಹಲ್ಲಿನ ಜಾಗಕ್ಕೆ ಎತ್ತಿನ ಮೂಳೆಯಿಂದ ಹಲ್ಲನ್ನು ಕೆತ್ತಿ, ಪಕ್ಕದ ಹಲ್ಲುಗಳಿಗೆ ಕಟ್ಟಬಹುದೆಂದೂ ಹೇಳಿದ್ದಾರೆ. 12ನೇ ಶತಮಾನದಲ್ಲಿ ಇದರ ಶಸ್ತ್ರಚಿಕಿತ್ಸಾ ಭಾಗ ಲ್ಯಾಟಿನ್‌ಗೆ ಅನುವಾದಗೊಂಡು ಯುರೋಪನ್ನು ತಲುಪಿತು. 1965ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ರೋಗಿಯೊಬ್ಬರ ದವಡೆಗೆ ಟೈಟಾನಿಯಂ ಬೇರುಗಳನ್ನು ಅಳವಡಿಸಿದಾಗ ಇಂದಿನ ಇಂಪ್ಲಾಂಟ್ ಯುಗ ಆರಂಭವಾಯಿತು. ಆದರೆ ಗಾಯ ಮಾಯುವವರೆಗಿನ ಕಾಯುವಿಕೆಯನ್ನು ಅದೂ ತಪ್ಪಿಸಲಿಲ್ಲ.

ಈ ಅವಧಿಗೆ ಇಂದು ಹಲವು ದಾರಿಗಳಿವೆ: ತೆಗೆದಿಡಬಹುದಾದ ಅಕ್ರಿಲಿಕ್ ಪ್ಲೇಟು, ಹಲ್ಲು ಕೂರಿಸಿದ ಪಾರದರ್ಶಕ ಕವಚ, ಪಕ್ಕದ ಹಲ್ಲುಗಳಿಗೆ ಅಂಟಿಸಿದ ಹಲ್ಲು, ಕೆಲವೊಮ್ಮೆ ಇಂಪ್ಲಾಂಟಿನ ಮೇಲೆಯೇ ತಾತ್ಕಾಲಿಕ ಕ್ಯಾಪು. ಅಂಟಿಸಿದ ಹಲ್ಲು ಅಝ್ಝಹ್ರಾವಿಯವರ ಕ್ರಮವನ್ನೇ ನೆನಪಿಸುತ್ತದೆ. ಯಾವುದಾದರೂ ಸರಿ, ಗಾಯದ ಮೇಲೆ ಒತ್ತಡ ಬೀಳಬಾರದು, ಆಯ್ಕೆ ವೈದ್ಯರದು.

ಹನಫೀ ಮದ್‌ಹಬ್‌ನಲ್ಲಿ ಗುಸ್ಲ್‌ನ ವೇಳೆ ಬಾಯಿ ಮುಕ್ಕಳಿಸುವುದು ಫರ್ಝ್. ಆದ್ದರಿಂದ ತೆಗೆಯಬಹುದಾದ ಹಲ್ಲನ್ನು ಆಗ ತೆಗೆಯಬೇಕು; ಅಂಟಿಸಿದ್ದಕ್ಕೆ ವಿನಾಯಿತಿಯಿದೆ. ಶಾಫಿಈ ಮದ್‌ಹಬ್‌ನಲ್ಲಿ ಮುಕ್ಕಳಿಸುವುದು ಸುನ್ನತ್.

ಬಾಯಿಗೆ ಕೈ ಅಡ್ಡ ಹಿಡಿದು ಮಾತನಾಡುತ್ತಿದ್ದ ಆ ಯುವಕನಿಗೆ ನಾವು ಹೇಳಿದ್ದಿಷ್ಟು: ಕಳೆದುಹೋದುದನ್ನು ತುಂಬಿಕೊಳ್ಳುವುದು ಆಡಂಬರವಲ್ಲ. ಪ್ರವಾದಿ(ಸ)ರು ಅರ್ಫಜಾರಿಗೆ ಸಹಿಸಿಕೊಂಡಿರು ಎನ್ನಲಿಲ್ಲ, ಪರಿಹಾರ ತೋರಿದರು. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ನೀಡಲಿ. ಆಮೀನ್.