ಕ್ವಾಯ್ ನದಿಯ ದುಭಾಷಿ

ನಾನು ಇರೋ ಊರಿನ ಹೆಸರು ಕಾಶಿವಾ. ಟೋಕಿಯೋದಿಂದ ಜೋಬಾನ್ ಲೈನ್ ರೈಲು ಹತ್ತಿದ್ರೆ ಸಿಗೋ, ಚಿಬಾ ಪ್ರಾಂತ್ಯದ ಊರು. ನಮ್ಮಜ್ಜಿಗೆ ಮಾತ್ರ ಅದು ಇವತ್ತಿಗೂ ‘ಕಾಶಿ’ನೇ. "ಮೊಮ್ಮಗ ಕಾಶಿಲಿದಾನೆ, ಪುಣ್ಯವಂತ" ಅಂತ ಊರಲ್ಲೆಲ್ಲ ಹೇಳ್ಕೊಂಡು ಬಂದಿದ್ದಾರೆ. ಇಲ್ಲಿ ಗಂಗೆ ಇಲ್ಲ ಅಜ್ಜಿ, ಕಾಶಿವಾ ಅಂದ್ರೆ ಒಂದು ಜಾತಿ ಓಕ್ ಮರ, ಅದರ ಎಲೆಲಿ ಸುತ್ತಿ ನಮ್ಮ ಕಡುಬಿನ ಥರದ್ದೊಂದು ಸಿಹಿ ಮಾಡ್ತಾರೆ ಅಂತ ಎಷ್ಟು ಹೇಳಿದ್ರೂ ಕೇಳಲ್ಲ.

ಊರೇನೋ ಶಾಂತವಾಗಿದೆ. ಆದ್ರೆ ನಾನು ಭಾನುವಾರ ಓಡೋಕೆ ಹೋಗೋ ಕಾಶಿವಾನೋಹಾ ಪಾರ್ಕ್ ಇದೆಯಲ್ಲ, ಅದಿರೋ ಜಾಗ ಒಂದು ಕಾಲಕ್ಕೆ ಜಪಾನಿ ಸೇನೆಯ ವಿಮಾನ ನಿಲ್ದಾಣ. 1938ರಲ್ಲಿ ಶುರುವಾಗಿದ್ದು. ಯುದ್ಧ ಮುಗಿದ ಮೇಲೆ ಅಮೆರಿಕದವರ ಸಂಪರ್ಕ ಕೇಂದ್ರವಾಗಿ, 1979ರಲ್ಲಿ ಪೂರ್ತಿಯಾಗಿ ವಾಪಸ್ ಬಂತು. ಈಗ ಅಲ್ಲಿ ಮಕ್ಕಳು ಸೈಕಲ್ ಹೊಡೀತಾರೆ. ಯುದ್ಧದ ಗುರುತುಗಳನ್ನ ನೆಲ ಬೇಗ ಮರೆತುಬಿಡುತ್ತೆ. ಮನುಷ್ಯ ಅಷ್ಟು ಬೇಗ ಮರೆಯಲ್ಲ. ಹಾಗೆ ಮರೆಯೋಕಾಗದೆ ಬದುಕಿದ, ಮರೆಯೋದು ಬೇಡ ಅಂತಲೇ ಬದುಕಿದ ಒಬ್ಬ ಮುದುಕನ ಕಥೆ ಇದು. ಅವರ ಹೆಸರು ನಾಗಾಸೆ ತಕಾಶಿ.

ನಾಗಾಸೆ ಹುಟ್ಟಿದ್ದು 1918ರಲ್ಲಿ, ಒಕಾಯಾಮಾ ಪ್ರಾಂತ್ಯದ ಕುರಾಶಿಕಿಯಲ್ಲಿ. ಟೋಕಿಯೋದ ಅಓಯಾಮಾ ಗಾಕುಇನ್‌ನಲ್ಲಿ ಇಂಗ್ಲಿಷ್ ಓದಿದವರು. ಇಂಗ್ಲಿಷ್ ಬರುತ್ತೆ ಅಂತ ಸೇನೆ ಅವರನ್ನ ದುಭಾಷಿ ಮಾಡ್ತು, ಥಾಯ್ಲೆಂಡಿನ ಕಾಂಚನಬುರಿಗೆ ಕಳಿಸ್ತು. ಅಲ್ಲಿ ಆಗ ಥಾಯ್ಲೆಂಡ್‌ನಿಂದ ಬರ್ಮಾಗೆ 415 ಕಿಲೋಮೀಟರ್ ರೈಲು ದಾರಿ ಹಾಕ್ತಾ ಇದ್ರು. ‘ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್’ ಸಿನಿಮಾ (1957) ನೀವೂ ನೋಡಿರಬಹುದು. ಅದೇ ರೈಲು. ಸಿನಿಮಾ ತೆಗೆದಿದ್ದು ಮಾತ್ರ ಶ್ರೀಲಂಕಾದಲ್ಲಿ, ಕಥೆಯೂ ಬಹುಪಾಲು ಕಲ್ಪನೆ. ನಿಜವಾದ ರೈಲು 1942ರಲ್ಲಿ ಶುರುವಾಗಿ 1943ರ ಅಕ್ಟೋಬರಿಗೆ ಮುಗೀತು. ದುಡಿದ ಸುಮಾರು 60,000 ಯುದ್ಧಕೈದಿಗಳಲ್ಲಿ 12,000ಕ್ಕೂ ಹೆಚ್ಚು ಜನ ಸತ್ತರು. ಹಸಿವು, ಮಲೇರಿಯಾ, ಕಾಲರಾ, ಹೊಡೆತ.

1943ರಲ್ಲಿ ಕಾಂಚನಬುರಿಯ ಕ್ಯಾಂಪಿನಲ್ಲಿ ಕೈದಿಗಳು ಕದ್ದುಮುಚ್ಚಿ ಮಾಡಿಕೊಂಡಿದ್ದ ರೇಡಿಯೋ ಸಿಕ್ಕಿಬಿತ್ತು. ಸಿಕ್ಕಿಬಿದ್ದವರಲ್ಲಿ ಎರಿಕ್ ಲೋಮ್ಯಾಕ್ಸ್ ಅನ್ನೋ ಸ್ಕಾಟ್ಲೆಂಡಿನ ಯುವಕನೂ ಒಬ್ಬ. ರೈಲು ಅಂದ್ರೆ ಬಾಲ್ಯದಿಂದ ಹುಚ್ಚು. ಸಿಗ್ನಲ್ಸ್ ವಿಭಾಗದವನು, ಅಂದ್ರೆ ನಮ್ಮ ಭಾಷೇಲಿ ಎಲೆಕ್ಟ್ರಾನಿಕ್ಸ್‌ನವನು! ದಿನಗಟ್ಟಲೆ ಹೊಡೆದು, ಮುಖಕ್ಕೆ ನೀರು ಬಿಟ್ಟು ಉಸಿರು ಕಟ್ಟಿಸಿ ವಿಚಾರಣೆ ಮಾಡಿದ್ರು. ಹೊಡೆದವರು ಬೇರೆಯವರು. ಆದ್ರೆ ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ ಬಂದಿದ್ದು ಒಬ್ಬನ ಬಾಯಿಂದ. ದುಭಾಷಿ ನಾಗಾಸೆ ಬಾಯಿಂದ. ಲೋಮ್ಯಾಕ್ಸ್ ಮುಂದಿನ ಐವತ್ತು ವರ್ಷ ಮನಸ್ಸಲ್ಲಿಟ್ಟು ದ್ವೇಷಿಸಿದ್ದು ಆ ದನಿಯನ್ನ.

ಇಲ್ಲಿ ನನ್ನ ಕಥೆ ಒಂಚೂರು ಹೇಳ್ಬೇಕು. ಇಲ್ಲಿ ನನ್ನ ಕೆಲಸದ ಹೆಸರು ‘ಬ್ರಿಡ್ಜ್ ಎಸ್‌ಇ’. ಜಪಾನಿ ಗ್ರಾಹಕರಿಗೂ ಬೆಂಗಳೂರಿನ ಟೀಮಿಗೂ ನಡುವಿನ ಸೇತುವೆ. ಒಂದು ಸಲ ಮೀಟಿಂಗ್‌ನಲ್ಲಿ ಗ್ರಾಹಕರ ಕಡೆಯ ಹಿರಿಯರೊಬ್ಬರು ನಮ್ಮ ಹುಡುಗಿಯೊಬ್ಬಳ ಕೆಲಸದ ಬಗ್ಗೆ ತೀರಾ ಒರಟಾಗಿ ಮಾತಾಡಿದ್ರು. ನಾನು ಅದನ್ನ ಒಂದಕ್ಷರ ಬಿಡದೆ ಇಂಗ್ಲಿಷಿಗೆ ಅನುವಾದ ಮಾಡಿದೆ. ಆ ಕಡೆ ಫೋನಿನಲ್ಲಿ ಅವಳು ಅತ್ತಳು. ಆಮೇಲೆ ಅವಳು ಮಾತು ಬಿಟ್ಟಿದ್ದು ಅವರ ಜೊತೆ ಅಲ್ಲ, ನನ್ನ ಜೊತೆ. "ನಾನು ಬರೀ ಅನುವಾದ ಮಾಡಿದ್ದಲ್ವಾ?" ಅಂತ ನನಗೆ ನಾನೇ ಎಷ್ಟು ಸಲ ಹೇಳ್ಕೊಂಡ್ರೂ ಸಮಾಧಾನ ಆಗ್ಲಿಲ್ಲ. ಎರಡಕ್ಕೂ ಹೋಲಿಕೆಯೇ ಇಲ್ಲ, ಗೊತ್ತು. ಆದ್ರೂ ನಾಗಾಸೆ ಬಗ್ಗೆ ಓದುವಾಗ ಆ ಮೀಟಿಂಗು ನೆನಪಾಗದೆ ಇರಲಿಲ್ಲ.

ನಾಗಾಸೆಗೂ ಅದೇ ನೆಪ ಇತ್ತು. ಹೊಡೆದಿದ್ದು ನಾನಲ್ಲ, ಹೇಳಿದ್ದನ್ನ ಹೇಳಿದೆ ಅಂತ ಕೈತೊಳ್ಕೋಬಹುದಿತ್ತು. ಆದ್ರೆ ಯುದ್ಧ ಸೋತ ಕೂಡಲೇ ಒಂದು ಕೆಲಸ ಬಂತು. ಮಿತ್ರಪಕ್ಷದವರು ರೈಲುದಾರಿಯುದ್ದಕ್ಕೂ ಸತ್ತ ಕೈದಿಗಳ ಸಮಾಧಿ ಹುಡುಕೋಕೆ ಹೊರಟರು. ಅವರ ಜೊತೆ ದುಭಾಷಿಯಾಗಿ ಹೋದವರು ನಾಗಾಸೆ. ಸುಮಾರು 3 ವಾರ, ಕಾಡಿನೊಳಗೆ, ಒಂದಾದ ಮೇಲೊಂದು ಮಣ್ಣಿನ ದಿಬ್ಬ. ಅನುವಾದ ಮಾಡೋಕೆ ಅಲ್ಲಿ ಯಾರೂ ಮಾತಾಡ್ತಿರಲಿಲ್ಲ! ಬಹುಶಃ ಆ ಮೌನವೇ ಅವರನ್ನ ಬದಲಾಯಿಸಿದ್ದು.

ಊರಿಗೆ ಬಂದು ಇಂಗ್ಲಿಷ್ ಮೇಷ್ಟ್ರಾದ್ರು. 1960ರ ದಶಕದಲ್ಲಿ ಜಪಾನಿಯರಿಗೆ ವಿದೇಶ ಪ್ರವಾಸ ಸಲೀಸಾದಾಗ ಹೆಂಡತಿ ಜೊತೆ ಕಾಂಚನಬುರಿಗೆ ಹೋದ್ರು. ಅಲ್ಲಿನ ಯುದ್ಧಸ್ಮಶಾನದಲ್ಲಿ ಸಾಲಾಗಿ ಸುಮಾರು 7,000 ಕಲ್ಲುಗಳಿವೆ. ಅಲ್ಲಿ ಕೈಮುಗಿದು ಬಂದವರು ಮತ್ತೆ ಹೋದ್ರು, ಮತ್ತೆ ಹೋದ್ರು. ಜೀವಮಾನದಲ್ಲಿ ನೂರಕ್ಕೂ ಹೆಚ್ಚು ಸಲ. 1976ರಲ್ಲಿ ಹಳೇ ಕೈದಿಗಳನ್ನೂ ಹಳೇ ಜಪಾನಿ ಸೈನಿಕರನ್ನೂ ಸೇತುವೆಯ ಹತ್ರ ಸೇರಿಸಿದ್ರು. 1986ರಲ್ಲಿ ಅಲ್ಲೊಂದು ಬೌದ್ಧ ಶಾಂತಿ ಮಂದಿರ ಕಟ್ಟಿಸಿದ್ರು. ಥಾಯ್ ಮಕ್ಕಳ ಓದಿಗೆ ನೆರವಾದ್ರು. ನಮ್ಮಜ್ಜಿ ಕೇಳಿದ್ರೆ ಹೇಳ್ತಿದ್ರು, ಅವನ ಕಾಶಿ ಅದು ಅಂತ.

ನಮ್ಮಲ್ಲಿ ಪಶ್ಚಾತ್ತಾಪ ಅಂದ ಕೂಡಲೇ ನೆನಪಾಗೋದು ಅಶೋಕ. ಅವನ ಹೆಸರು ಸ್ಪಷ್ಟವಾಗಿ ಸಿಕ್ಕಿದ್ದೇ ನಮ್ಮ ರಾಯಚೂರಿನ ಮಸ್ಕಿಯಲ್ಲಿ, 1915ರಲ್ಲಿ. ಕಳಿಂಗ ಯುದ್ಧದ ಸಂಕಟವನ್ನ ಅವನು ತನ್ನ 13ನೇ ಶಿಲಾಶಾಸನದಲ್ಲಿ ತೋಡಿಕೊಂಡಿದ್ದಾನೆ. ಆದ್ರೆ ಒಂದು ವಿಚಿತ್ರ ಗೊತ್ತಾ? ಕಳಿಂಗದಲ್ಲೇ ಇರೋ ಧೌಲಿ, ಜೌಗಡದ ಬಂಡೆಗಳ ಮೇಲೆ ಆ 13ನೇ ಶಾಸನ ಇಲ್ಲ! ಅದರ ಜಾಗಕ್ಕೆ ಬೇರೆ ಶಾಸನಗಳಿವೆ. ಅಷ್ಟು ದೊಡ್ಡ ಚಕ್ರವರ್ತಿಯೂ ತಪ್ಪೊಪ್ಪಿಗೆಯನ್ನ ನೊಂದವರ ಊರಲ್ಲಿ ಕೆತ್ತಿಸಲಿಲ್ಲ. ಕುರಾಶಿಕಿಯ ಮೇಷ್ಟ್ರು ನೊಂದವರ ಎದುರಿಗೇ ಹೋಗಿ ನಿಂತರು.

ಎದುರಿಗೆ ನಿಲ್ಲೋ ದಿನವೂ ಬಂತು. 1989ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ನಾಗಾಸೆ ಲೇಖನ ಲೋಮ್ಯಾಕ್ಸ್ ಕೈಗೆ ಸಿಕ್ತು. ಅದೇ ಮನುಷ್ಯ! ಲೋಮ್ಯಾಕ್ಸ್ ಹೆಂಡತಿ ಪ್ಯಾಟಿ ಕಾಗದ ಬರೆದ್ರು. 1993ರ ಮಾರ್ಚ್‌ನಲ್ಲಿ ಇಬ್ಬರು ಎಪ್ಪತ್ತು ದಾಟಿದ ಮುದುಕರು ಕಾಂಚನಬುರಿಯಲ್ಲಿ ಭೇಟಿಯಾದ್ರು. ನಾಗಾಸೆ ನಡುಗುತ್ತಾ ಬಾಗಿ ಕ್ಷಮೆ ಕೇಳಿದ್ರು. ವರ್ಷಗಟ್ಟಲೆ ಕೊಲ್ಲಬೇಕು ಅಂತಿದ್ದ ಲೋಮ್ಯಾಕ್ಸ್ ಅವರನ್ನ ಸಮಾಧಾನ ಮಾಡಿದ್ರು. ಆಮೇಲೆ ಜಪಾನಿಗೂ ಬಂದು, ಕ್ಷಮಿಸಿದ್ದೇನೆ ಅಂತ ಬರೆದು ಕೈಗಿತ್ತರು. ಇಬ್ಬರೂ ಕೊನೆವರೆಗೂ ಸ್ನೇಹಿತರಾಗಿದ್ರು. ನಾಗಾಸೆ 2011ರ ಜೂನ್‌ನಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡ್ರು. ಮರುವರ್ಷ ಅಕ್ಟೋಬರ್‌ನಲ್ಲಿ ಲೋಮ್ಯಾಕ್ಸ್ ಕೂಡ.

ಕಥೆ ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿತ್ತು. ಆದ್ರೆ ಆ ರೈಲಿಗೆ ದುಡಿದವರು ಬಿಳಿಯರಷ್ಟೇ ಅಲ್ಲ. ಬರ್ಮಾ, ಜಾವಾ, ಮಲಯಾದಿಂದ ಎರಡು ಲಕ್ಷದ ಹತ್ತಿರ ಕೂಲಿಗಳನ್ನ ತಂದಿದ್ರು. ಮಲಯಾದ ರಬ್ಬರ್ ತೋಟಗಳಿಂದ ಬಂದವರಲ್ಲಿ ದೊಡ್ಡ ಪಾಲು ನಮ್ಮ ಪಕ್ಕದ ತಮಿಳರು. ಸತ್ತ ಕೂಲಿಗಳು ಹತ್ತಿರ ಹತ್ತಿರ 90,000 ಅಂತ ಅಂದಾಜು. ಅಂದಾಜು ಮಾತ್ರ, ಯಾಕಂದ್ರೆ ಯಾರೂ ಲೆಕ್ಕ ಇಟ್ಟಿರಲಿಲ್ಲ. ಕೈದಿಗಳಿಗೆ ಹೆಸರು ಕೆತ್ತಿದ ಕಲ್ಲಿದೆ. ಇವರಲ್ಲಿ ಹೆಚ್ಚಿನವರಿಗೆ ಅದೂ ಇಲ್ಲ. ಕ್ಷಮೆ ಕೇಳೋಣ ಅಂದ್ರೆ ಯಾರನ್ನ ಕೇಳೋದು? ಕ್ಷಮಿಸೋಕೆ ಹೆಸರು ಬೇಡವೇ?

ಮೊನ್ನೆ ಆ ಹುಡುಗಿಗೆ ಫೋನ್ ಮಾಡಿದೆ. ವರ್ಷಗಳೇ ಆಗಿತ್ತು. "ಆವತ್ತು ನಾನು ಹಾಗೆ ಹೇಳಬಾರದಿತ್ತು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಯ್ಯೋ, ಇನ್ನೂ ನೆನಪಿಟ್ಕೊಂಡಿದೀರಾ?" ಅಂತ ನಕ್ಕಳು.

ನೆನಪಿಟ್ಕೊಂಡಿದ್ದು ಒಳ್ಳೇದಾಯ್ತು ಅನ್ನಿಸ್ತು.