ಹಳೆಯ ಮೈಕ್ರೋಮೀಟರ್: ವಯಸ್ಸು ಎಲ್ಲಿ, ಸವೆತ ಎಲ್ಲಿ

ಹಳೆಯ ಮೈಕ್ರೋಮೀಟರ್ ಕೈಗೆ ಬಂದರೆ ಎಲ್ಲರೂ ಮೊದಲು ನೋಡುವುದು ಕಂಪನಿಯ ಹೆಸರನ್ನು. ಸ್ಟಾರೆಟ್, ಮಿಟುಟೊಯೊ, ಮೂರ್ ಅಂಡ್ ರೈಟ್ ಎಂದು ಕೆತ್ತಿದ್ದರೆ ಅರ್ಧ ಬೆಲೆ ಅಲ್ಲೇ ನಿಗದಿಯಾಗುತ್ತದೆ. ನನ್ನ ಮಟ್ಟಿಗೆ ಹೆಸರಿಗಿಂತ ಹೆಚ್ಚು ಹೇಳುವುದು ಅದರ ಬಿಡಿಭಾಗಗಳು. ಈ ಉಪಕರಣಕ್ಕೆ ಕಾಲಕಾಲಕ್ಕೆ ಸೇರಿದ ಒಂದೊಂದು ಭಾಗವೂ ಯಾವುದೋ ತೊಂದರೆಗೆ ಹುಡುಕಿದ ಪರಿಹಾರ. ಅದನ್ನು ನೋಡಿದರೆ ಉಪಕರಣ ಯಾವ ಕಾಲದ್ದೆಂಬುದೂ ಗೊತ್ತಾಗುತ್ತದೆ, ಎಲ್ಲಿ ಪರೀಕ್ಷಿಸಬೇಕೆಂಬುದೂ ಗೊತ್ತಾಗುತ್ತದೆ.

ತಿರುಪು ತಿರುಗಿಸಿ ಅಳೆಯುವ ಯೋಚನೆ ಬಂದದ್ದು ಆಕಾಶ ನೋಡುವವರಿಗೆ. ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯ್ನ್ 1630ರ ದಶಕದ ಕೊನೆಯಲ್ಲಿ ದೂರದರ್ಶಕದೊಳಗೆ ತಿರುಪು ಕೂಡಿಸಿ ಆಕಾಶಕಾಯಗಳ ಗಾತ್ರ ಅಳೆಯುತ್ತಿದ್ದ. ಕಾರ್ಖಾನೆಗೆ ಅದು ಬರಲು ಒಂದೂವರೆ ಶತಮಾನ ಬೇಕಾಯಿತು. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಹೆನ್ರಿ ಮಾಡ್ಸ್ಲಿ ಮೇಜಿನ ಮೇಲೆ ಇಟ್ಟುಕೊಳ್ಳುವ ಅಳತೆಯಂತ್ರ ಮಾಡಿದ. ಅದರ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲವೆಂದು ಅದಕ್ಕೆ ‘ಲಾರ್ಡ್ ಚಾನ್ಸಲರ್’ ಎಂಬ ಅಡ್ಡಹೆಸರು ಬಿತ್ತು. ಕೈಯಲ್ಲಿ ಹಿಡಿಯುವ ರೂಪ ಕೊಟ್ಟವನು ಪ್ಯಾರಿಸ್ಸಿನ ಜ್ಯಾಂ ಲೋರಾಂ ಪಾಮರ್. ಪೇಟೆಂಟ್ ಪಡೆದದ್ದು 1848ರಲ್ಲಿ. ಬಾಗಿದ ಚೌಕಟ್ಟು, ಗೆರೆ ಎಳೆದ ಸ್ಲೀವ್, ಅದರ ಮೇಲೆ ಸುತ್ತುವ ಥಿಂಬಲ್: ಪಿಯುಸಿ ಪ್ರಯೋಗಾಲಯದ ಸ್ಕ್ರೂ ಗೇಜ್ ಇವತ್ತಿಗೂ ಇದೇ.

ಅದು ಎಲ್ಲರ ಜೇಬಿಗೆ ಇಳಿದದ್ದು ಒಂದು ಜಗಳದಿಂದ. 1867ರಲ್ಲಿ ಅಮೆರಿಕದ ಬ್ರಿಜ್‌ಪೋರ್ಟ್ ಬ್ರಾಸ್ ಕಂಪನಿ ಕಳಿಸಿದ ಹಿತ್ತಾಳೆ ತಗಡನ್ನು ತೋಟಾ ತಯಾರಕರು ದಪ್ಪ ಸರಿಯಿಲ್ಲವೆಂದು ಹಿಂದಿರುಗಿಸಿದರು. ಕಂಪನಿಯವರು ತಮ್ಮ ಗೇಜಿನಲ್ಲಿ ನೋಡಿದರೆ ಸರಿಯಾಗಿಯೇ ಇತ್ತು. ಆಗ ಬಳಕೆಯಲ್ಲಿದ್ದದ್ದು ಸೀಳುಗಳುಳ್ಳ ಉಕ್ಕಿನ ಬಿಲ್ಲೆ. ಒಂದು ಬಿಲ್ಲೆಗೂ ಇನ್ನೊಂದಕ್ಕೂ ತಾಳೆಯಾಗುತ್ತಿರಲಿಲ್ಲ. ಅಲ್ಲಿನ ಮೇಲ್ವಿಚಾರಕ ವಿಲ್ಮಟ್ ತಿರುಪಿನ ಗೇಜ್ ಒಂದನ್ನು ರೂಪಿಸಿದ. ಅದೇ ವರ್ಷ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಹೋಗಿದ್ದ ಅಮೆರಿಕದ ಉಪಕರಣ ತಯಾರಕರಾದ ಜೋಸೆಫ್ ಬ್ರೌನ್ ಮತ್ತು ಲೂಷಿಯನ್ ಶಾರ್ಪ್ ಪಾಮರನ ಉಪಕರಣ ಕಂಡರು. 1868ರಲ್ಲಿ ಅವರ ಕಂಪನಿ ಬ್ರೌನ್ ಅಂಡ್ ಶಾರ್ಪ್ ತಗಡು ಅಳೆಯುವ ಪುಟ್ಟ ಮೈಕ್ರೋಮೀಟರನ್ನು ಮಾರುಕಟ್ಟೆಗೆ ತಂದಿತು. 1877ರಲ್ಲಿ ಒಂದು ಇಂಚಿನ ತನಕ ಅಳೆಯುವುದನ್ನು ತಂದಿತು. ಇಂಚಿಗೆ 40 ಎಳೆ, ಥಿಂಬಲಿನ ಸುತ್ತ 25 ಗೆರೆ. ಒಂದು ಗೆರೆ ಸರಿದರೆ ಒಂದು ಥೌ, ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು. ಮೆಟ್ರಿಕ್‌ನಲ್ಲಿ ಅರ್ಧ ಮಿಲಿಮೀಟರಿನ ಎಳೆ, 50 ಗೆರೆ. ಮಾರುವವನಿಗೆ ಇಂಚೋ ಮಿಲಿಮೀಟರೋ ತಿಳಿಯದಿದ್ದರೆ ಥಿಂಬಲಿನ ಗೆರೆ ಎಣಿಸಿದರೆ ಸಾಕು.

ಆಮೇಲಿನ ಕಥೆಯೆಲ್ಲ ಸವೆತದ ಜೊತೆಗಿನ ಗುದ್ದಾಟ. ಎಳೆ ಸವೆದರೆ ಬಿಗಿಮಾಡಲು ಸೀಳು ನಟ್ ಬಂತು. ಬಿಗಿ ಹಿಡಿಯುವವನ ಕೈಗೂ ಸಡಿಲ ಹಿಡಿಯುವವನ ಕೈಗೂ ಒಂದೇ ಅಳತೆ ಸಿಗಲೆಂದು ರ‍್ಯಾಚೆಟ್ ಬಂತು. ಗೆರೆ ಓದುವಾಗ ಹೊಳಪು ಕಣ್ಣು ಕುಕ್ಕದಿರಲೆಂದು ಮಂದ ಕ್ರೋಮ್ ಲೇಪ ಬಂತು. ವಸ್ತುವನ್ನು ನಡುವೆ ಹಿಡಿಯುವ ಆನ್ವಿಲ್ ಮತ್ತು ಸ್ಪಿಂಡಲಿನ ಮುಖಗಳಿಗೆ ಕಾರ್ಬೈಡ್ ಕೂರಿಸುವುದು ಎರಡನೇ ಮಹಾಯುದ್ಧದ ನಂತರ ಸಾಮಾನ್ಯವಾಯಿತು. ಹೊಳೆಯುವ ಬರಿ ಉಕ್ಕಿನ, ಕಾರ್ಬೈಡ್ ಇಲ್ಲದ ಮೈಕ್ರೋಮೀಟರ್ ಕಂಡರೆ ಹಳೆಯ ಕಾಲದ್ದಿರಬಹುದೆಂದು ಅನುಮಾನಿಸಬಹುದು, ಅಷ್ಟೇ. ಅಗ್ಗದವನ್ನು ಆಮೇಲೂ ಹಾಗೇ ಮಾಡುತ್ತಿದ್ದರು.

ಇದಕ್ಕಿಂತ ಗಟ್ಟಿ ಸಾಕ್ಷಿ ಅಕ್ಷರಗಳದು. ಅಮೆರಿಕದ ಮಾಲಿನ ಮೇಲೆ ಪೇಟೆಂಟಿನ ದಿನಾಂಕವಷ್ಟೇ ಇದ್ದರೆ ಅದು ಬಹುಮಟ್ಟಿಗೆ 1927ಕ್ಕೆ ಮುಂಚಿನದು. ಆ ವರ್ಷದ ಕಾನೂನು ಸಂಖ್ಯೆಯನ್ನೇ ಒತ್ತಬೇಕೆಂದಿತು. ಆದರೆ ಪೇಟೆಂಟ್ ದಿನಾಂಕ ತಯಾರಿಕೆಯ ದಿನಾಂಕವಲ್ಲ. ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅದರ ಅರ್ಥ. ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಎಂದಿದ್ದರೆ 1947–52ರ ನಡುವಿನದು. ‘ವೆಸ್ಟ್ ಜರ್ಮನಿ’ ಎಂದಿದ್ದರೆ ಎರಡು ಜರ್ಮನಿಗಳಿದ್ದ ಕಾಲದ್ದು. ಎಲ್ಲಕ್ಕಿಂತ ಸುಲಭ ಸೋವಿಯತ್ ಮಾಲು: ಗೋಸ್ಟ್ 6507 ಎಂಬ ಮಾನಕಸಂಖ್ಯೆಯ ಬಾಲದಲ್ಲಿ 60, 78, 90 ಎಂದು ಮಾನಕದ ವರ್ಷವೇ ಇರುತ್ತದೆ, ಐದು ಮೂಲೆಯ ಗುಣಮುದ್ರೆ ಇದ್ದರೆ 1967ರ ನಂತರದ್ದು. ಪೆಟ್ಟಿಗೆಯನ್ನು ಮಾತ್ರ ನಂಬಬಾರದು. ಯಾವುದೋ ಪೆಟ್ಟಿಗೆಗೆ ಯಾವುದೋ ಮೈಕ್ರೋಮೀಟರ್ ಸೇರಿಕೊಂಡಿರುತ್ತದೆ.

ಭಾರತದಲ್ಲಿ ಮೆಟ್ರಿಕ್ ಪದ್ಧತಿಯ ಕಾನೂನು ಬಂದದ್ದು 1956ರಲ್ಲಿ. ಎಚ್‌ಎಂಟಿ 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಇಂಚೇ ದೇಶದ ರೂಢಿ. ಆದರೂ ಇಂಚಿನದೆಲ್ಲ ಅಷ್ಟು ಹಳೆಯದೆನ್ನಲಾಗದು, ಹೊರದೇಶಗಳಲ್ಲಿ ಅದರ ತಯಾರಿಕೆ ನಿಂತೇ ಇಲ್ಲ. ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳ ಇವತ್ತಿನ ಡ್ರಾಯಿಂಗುಗಳಿಗೆ ಮಿಲಿಮೀಟರಿನದೇ ಬೇಕು. ಇಂಚಿನದು ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ ಡ್ರಾಯರಿನಲ್ಲೇ ಉಳಿಯುತ್ತದೆ.

ಕೊಳ್ಳುವಾಗ ಬಹಳ ಮಂದಿ ಎರಡು ಮುಖ ಕೂಡಿಸಿ ಸೊನ್ನೆ ನೋಡಿ ತೃಪ್ತರಾಗುತ್ತಾರೆ. ಸೊನ್ನೆ ತಪ್ಪಿದ್ದರೆ ಸ್ಲೀವನ್ನು ಪುಟ್ಟ ಸ್ಪ್ಯಾನರಿನಿಂದ ತಿರುಗಿಸಿ ಸರಿಮಾಡಬಹುದು, ಅದು ದೋಷವೇ ಅಲ್ಲ. ನಿಜವಾದ ದೋಷ ನಡುವೆ ಅಡಗಿರುತ್ತದೆ. ದಿನವೂ 12 ಮಿಲಿಮೀಟರಿನ ಪಿನ್ ಅಳೆದ ತಿರುಪು ಅಲ್ಲೇ ಸವೆದಿರುತ್ತದೆ. ಸ್ಪಿಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಎನಿಸಿದರೆ ನಟ್ ಬಿಗಿಮಾಡಿಯೂ ಪ್ರಯೋಜನವಿಲ್ಲ. ಸ್ವೀಡನ್ನಿನ ಯೋಹಾನ್ಸನ್ 1896ರಲ್ಲಿ ಕಲ್ಪಿಸಿದ ಸ್ಲಿಪ್ ಗೇಜ್‌ಗಳು, ಅಂದರೆ ನಿಖರ ಅಳತೆಯ ತುಂಡುಗಳು, ಕೈಗೆ ಸಿಕ್ಕರೆ 5.1, 10.3, 15.0, 20.2 ಮಿಲಿಮೀಟರುಗಳಲ್ಲಿ ನೋಡಿ. ಈ ಅಳತೆಗಳಲ್ಲಿ ಥಿಂಬಲ್ ಬೇರೆಬೇರೆ ಕೋನದಲ್ಲಿ ನಿಲ್ಲುವುದರಿಂದ ಒಂದೇ ಸುತ್ತಿನೊಳಗಿನ ಏರುಪೇರೂ ಬಯಲಾಗುತ್ತದೆ. ಬೇರಿಂಗಿನ ಒಂದು ಗುಂಡನ್ನು ಮುಖದ ನಡುವೆ, ಆಮೇಲೆ ಅಂಚುಗಳಲ್ಲಿ ಹಿಡಿದು ಅಳೆದರೆ ಮುಖ ತಗ್ಗಾಗಿದೆಯೋ ಓರೆಯಾಗಿದೆಯೋ ತಿಳಿಯುತ್ತದೆ. ಕಾರ್ಬೈಡಿನ ಅಂಚು ಸಿಡಿದಿದ್ದರೆ ಬಿಟ್ಟುಬಿಡಿ. ಯಾರೋ ಅದನ್ನು ಸಿ-ಕ್ಲ್ಯಾಂಪಿನಂತೆ ಬಳಸಿರಬಹುದು, ಇಲ್ಲವೇ ಕೆಳಗೆ ಬೀಳಿಸಿರಬಹುದು.

ಅಳತೆಯ ಪ್ರಮಾಣ ಉಷ್ಣತೆ 20 ಡಿಗ್ರಿ ಎಂದು 1931ರಲ್ಲೇ ಜಗತ್ತು ಒಪ್ಪಿದೆ. 30 ಡಿಗ್ರಿಯ ಶೆಡ್ಡಿನಲ್ಲಿ 100 ಮಿಲಿಮೀಟರಿನ ಉಕ್ಕು ಸುಮಾರು 0.011 ಮಿಲಿಮೀಟರ್ ಹಿಗ್ಗುತ್ತದೆ, ಥಿಂಬಲಿನ ಒಂದು ಗೆರೆಗಿಂತ ಚೂರು ಹೆಚ್ಚು. ಅದಕ್ಕೆ ಗೇಜನ್ನೂ ಮೈಕ್ರೋಮೀಟರನ್ನೂ ಒಂದೇ ಮೇಜಿನ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಬಿಸಿಲಲ್ಲಿ ಬಿದ್ದಿದ್ದನ್ನು ತಣಿಯಲು ಬಿಟ್ಟು ಅಳೆಯಬೇಕು.

ನನ್ನನ್ನು ಕೇಳಿದರೆ, ಬಳಸಿದ್ದರಲ್ಲಿ ಕೊಳ್ಳತಕ್ಕದ್ದು ಮಂದ ಕ್ರೋಮ್ ಲೇಪದ, ಕಾರ್ಬೈಡ್ ಮುಖದ, ಅಂಕಿಪರದೆ ಇಲ್ಲದ 0–25 ಮಿಲಿಮೀಟರಿನದು. ಹಳೆಯ ಡಿಜಿಟಲ್ ಬೇಡ: ಬ್ಯಾಟರಿ ಸೋರಿ ಒಳಗೆಲ್ಲ ಹಸಿರುಗಟ್ಟಿರುತ್ತದೆ, ಬಿಡಿಭಾಗ ಸಿಗುವುದಿಲ್ಲ. 25ಕ್ಕಿಂತ ದೊಡ್ಡದನ್ನು ಕೊಳ್ಳುವುದಿದ್ದರೆ ಸೊನ್ನೆ ಹೊಂದಿಸುವ ಸೆಟ್ಟಿಂಗ್ ರಾಡ್ ಜೊತೆಗಿದೆಯೇ ಕೇಳಿ. ಅದಿಲ್ಲದಿದ್ದರೆ ಚೌಕಾಸಿಗೆ ಅಷ್ಟೇ ಕಾರಣ ಸಾಕು.