ದಿಂಡಿಗಲ್ ಬೆಟ್ಟದ ಮೇಲೆ ಒಂದು ಹಳೆಯ ವಾದ

ತೇನಿಗೆ ವರ್ಗವಾಗಿ ಬಂದ ಮೇಲೆ ಮೊದಲು ಕನ್ನಡ ಕಿವಿಗೆ ಬಿದ್ದದ್ದು ಬ್ಯಾಂಕಿನ ಕೌಂಟರಿನಲ್ಲಿ. ಕಂಬಂ ಕಡೆಯ ದ್ರಾಕ್ಷಿತೋಟದ ಹಿರಿಯರೊಬ್ಬರು ಮಗನೊಡನೆ ಮನೆಮಾತಿನಲ್ಲಿ ಸಾಲದ ಲೆಕ್ಕ ಹೇಳುತ್ತಿದ್ದರು. ಅಲ್ಲಿಯ ಕಪ್ಪಿಲಿಯರ ಮನೆಗಳಲ್ಲಿ ಇಂದಿಗೂ ಕನ್ನಡವುಂಟು, ಓದುಬರಹ ಮಾತ್ರ ತಮಿಳು. ನಾನು ಕಾಸರಗೋಡಿನವನೆಂದು ತಿಳಿದು, "ದಿಂಡಿಗಲ್ ಕೋಟೆ ನೋಡಿ, ಅದು ಮೈಸೂರಿನವರದು" ಎಂದರು. ಒಂದು ಭಾನುವಾರ ಇಬ್ಬರೂ ಹತ್ತಿದೆವು.

ಮೂಲದಲ್ಲಿ ಅದು ಮಧುರೆಯ ನಾಯಕರ ಕೋಟೆ. 1755ರಲ್ಲಿ ಫೌಜುದಾರನಾಗಿ ಬಂದ ಹೈದರಾಲಿ ಫ್ರೆಂಚ್ ಕೆಲಸಗಾರರ ನೆರವಿನಿಂದ ಇಲ್ಲಿ ಆಯುಧಾಗಾರ ನಡೆಸಿದ. 1790ರಲ್ಲಿ ಕಂಪೆನಿಯ ಸೈನ್ಯ ಕೋಟೆ ಹಿಡಿಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ದಿಂಡಿಗಲ್ ಸೀಮೆಯೇ ಮೈಸೂರಿನ ಕೈತಪ್ಪಿತು. ಆದರೆ 'ಫ್ರೆಂಚರ ನೆರವು' ಎಂಬ ಮಾತು ಮಾತ್ರ ಟಿಪ್ಪುವಿನ ಬೆನ್ನು ಬಿಡಲಿಲ್ಲ.

1798ರ ಜನವರಿಯಲ್ಲಿ ಅವನ ದೂತರು ಮಾರಿಷಸ್ ದ್ವೀಪಕ್ಕೆ ಹೋದರು. ಅಲ್ಲಿಯ ಗವರ್ನರ್ ಮಲಾರ್ತಿಕ್‌ನ ಬಳಿ ಕೊಡಲು ಸೈನ್ಯವಿರಲಿಲ್ಲ. ಗುಟ್ಟಾಗಿರಬೇಕಾದ ಸಂಗತಿಯನ್ನು ಅವನು ಪ್ರಕಟಣೆ ಹೊರಡಿಸಿ ಸಾರಿಬಿಟ್ಟ: ಟಿಪ್ಪು ಇಂಗ್ಲಿಷರ ಮೇಲೆ ಯುದ್ಧಕ್ಕೆ ಕಾದಿದ್ದಾನೆ, ಇಷ್ಟವಿದ್ದವರು ಸೇರಿರಿ! ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸು.

ಜೂನ್‌ನಲ್ಲಿ ಆ ಪ್ರಕಟಣೆ ಕಲ್ಕತ್ತೆಯ ಪತ್ರಿಕೆಯಲ್ಲಿ ಬಂತು. ಗವರ್ನರ್ ಜನರಲ್ ವೆಲ್ಲೆಸ್ಲಿಗೂ ಮೊದಲು ಅದು ನಿಜವೇ ಎಂಬ ಅನುಮಾನವಿತ್ತು. ಗುಡ್‌ಹೋಪ್ ಭೂಶಿರದಿಂದ ಖಚಿತ ಸುದ್ದಿ ಬಂದೊಡನೆ ದಂಡು ಸೇರಿಸಲು ಮದರಾಸಿಗೆ ಆಜ್ಞೆ ಹೊರಟಿತು. ಮದರಾಸು ಸರಕಾರದ ಕಾರ್ಯದರ್ಶಿ ಜೋಸಾಯಾ ವೆಬ್ ಈ ಯುದ್ಧ ಬೇಡವೆಂದ. ಅವನ ಮಾತು ನಡೆಯಲಿಲ್ಲ.

"ಪಕ್ಕದವನು ನಮ್ಮ ಬೇಲಿಗೆ ಬೆಂಕಿಯಿಡಲು ಜನ ಕರೆಸಿದರೆ ಸುಮ್ಮನಿರುವುದೇ?" ಎಂದರು ಹಿರಿಯರು. ಟಿಪ್ಪುವಿನ ಕಡೆ ಮಾತಾಡುತ್ತಾರೆಂದುಕೊಂಡಿದ್ದೆ!

"ನೀರು ತಂದಿಟ್ಟುಕೊಳ್ಳಲಿ. ಅವನ ಮನೆಯನ್ನೇ ಬರೆಸಿಕೊಳ್ಳುವುದೇ?" ಎಂದೆ.

ಅವರ ಮಾತಿನಲ್ಲೂ ಹುರುಳಿದೆ. 2003ರಲ್ಲಿ ನಾನು ಬಿ.ಎ. ಓದುತ್ತಿದ್ದಾಗ, ಸಾಮೂಹಿಕ ನಾಶದ ಅಸ್ತ್ರಗಳಿವೆಯೆಂದು ಹೇಳಿ ಅಮೆರಿಕ ಇರಾಕಿನ ಮೇಲೆ ದಂಡೆತ್ತಿತು. ದಾಸ್ತಾನು ಇರಲಿಲ್ಲವೆಂದು ಮರುವರ್ಷ ಅವರದೇ ತನಿಖಾ ತಂಡ ವರದಿ ಕೊಟ್ಟಿತು. ಇಲ್ಲಿ ಹಾಗಲ್ಲ. ಪ್ರಕಟಣೆ ನಿಜ, ಟಿಪ್ಪುವಿನ ಬಯಕೆಯೂ ನಿಜ. ಆದರೆ ಅಪಾಯ ಎಷ್ಟಿತ್ತು? 1798ರ ಆಗಸ್ಟ್‌ನಲ್ಲಿ ನೆಲ್ಸನ್ ನೈಲ್ ನದಿಯ ಮುಖದಲ್ಲಿ ನೆಪೋಲಿಯನ್ನನ ನೌಕಾಪಡೆಯನ್ನು ಮುಗಿಸಿದ್ದ. ಅಕ್ಟೋಬರಿನಲ್ಲಿ ಹೈದರಾಬಾದಿನ ಫ್ರೆಂಚ್ ಪಡೆಯ ಆಯುಧ ಕಳಚಿಸಿದ್ದಾಗಿತ್ತು. ಇಷ್ಟಾದ ಮೇಲೂ 1799ರ ಫೆಬ್ರವರಿಯಲ್ಲಿ ದಂಡು ಹೊರಟಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅರಮನೆಯಲ್ಲಿ ಸಿಕ್ಕ ಪತ್ರಗಳನ್ನು ಅನುವಾದಿಸಿ ಅಚ್ಚು ಹಾಕಿಸಿದವರೂ ಗೆದ್ದವರೇ. ಸಾಕ್ಷಿಯೂ ಅವರದು, ತೀರ್ಪೂ ಅವರದು.

ಹಿರಿಯರು ಒಪ್ಪಲಿಲ್ಲ. ಇಳಿಯುವಾಗ, "ಆಮೇಲೆ ನಿಮ್ಮೂರು ಯಾರಿಗೆ ಹೋಯಿತು?" ಎಂದು ಕೇಳಿದರು. ಕೆನರಾದೊಡನೆ ಕಂಪೆನಿಗೆ ಹೋಯಿತು, 1956ರಲ್ಲಿ ಕೇರಳಕ್ಕೆ ಸೇರಿತು ಎಂದೆ.

"ನಿಮ್ಮಲ್ಲಿ ಇನ್ನೂ ಕನ್ನಡ ಶಾಲೆ ಇದೆಯೇ?"

ಇದೆ ಎಂದೆ. ಬಸ್ ಬರುವತನಕ ಅವರು ಆ ಶಾಲೆಗಳ ವಿಷಯವನ್ನೇ ಕೇಳುತ್ತಿದ್ದರು.